ಮರಿಯಾ ಮಲಿಬ್ರಾನ್: ತಂದೆ ತಿದ್ದಿದ ಕಂಠ

1836ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ತೀರಿಕೊಂಡಾಗ ಮರಿಯಾ ಮಲಿಬ್ರಾನ್ ಅವರಿಗೆ ಕೇವಲ 28 ವರ್ಷ. ಅಷ್ಟರೊಳಗೆ ಲಂಡನ್, ನ್ಯೂಯಾರ್ಕ್, ಪ್ಯಾರಿಸ್, ಮಿಲಾನ್, ವೆನಿಸ್ ನಗರಗಳ ಜನ ಅವರ ಹಾಡಿಗೆ ಮನಸೋತಿದ್ದರು. ಧ್ವನಿಮುದ್ರಣವಿಲ್ಲದ ಕಾಲವಾದ್ದರಿಂದ ಆ ಕಂಠವನ್ನು ಕೇಳುವ ಭಾಗ್ಯ ನಮಗಿಲ್ಲ. ಆದರೆ ಅದು ಹೇಗೆ ತಯಾರಾಯಿತು ಎಂಬುದು ತಿಳಿದಿದೆ. ನಮ್ಮ ಗಾನವೃಂದದವರು ಓದಲೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮರಿಯಾ ಹುಟ್ಟಿದ್ದು 1808ರ ಮಾರ್ಚ್ 24ರಂದು, ಪ್ಯಾರಿಸ್‌ನಲ್ಲಿ. ತಂದೆ ಮಾನ್ಯುಯೆಲ್ ಗಾರ್ಸಿಯಾ ಸ್ಪೇನ್‌ನ ಸೆವಿಲ್ಲೆಯವರು, ಹೆಸರಾಂತ ಗಾಯಕ. ಸಂಗೀತಗಾರ ರೊಸ್ಸಿನಿ ಒಂದು ಮುಖ್ಯ ಪಾತ್ರವನ್ನು ಇವರಿಗಾಗಿಯೇ ರಚಿಸಿದ್ದರು. ತಾಯಿ ಹೋಕಿನಾ ಕೂಡ ಗಾಯಕಿ. ಮನೆಮಾತು ಸ್ಪ್ಯಾನಿಷ್, ಊರಮಾತು ಫ್ರೆಂಚ್, ರಂಗದ ಮೇಲಿನ ಮಾತು ಇಟಾಲಿಯನ್. ಮನೆಯಲ್ಲೊಂದು, ಪೇಟೆಯಲ್ಲೊಂದು, ಪೂಜೆಯಲ್ಲಿ ಮತ್ತೊಂದು ಭಾಷೆ ಆಡುವ ನಮಗೆ ಇದು ವಿಚಿತ್ರವೆನಿಸದು.

ಒಪೆರಾ ಎಂದರೆ ಕಥೆಯನ್ನು ಹಾಡಿ, ಅಭಿನಯಿಸಿ ತೋರಿಸುವ ನಾಟಕ. ಧ್ವನಿವರ್ಧಕವಿಲ್ಲದೆ ಇಡೀ ರಂಗಮಂದಿರಕ್ಕೆ ದನಿ ಮುಟ್ಟಬೇಕು. ಮರಿಯಾಳ ದನಿಯೋ ಮೊದಲಿಗೆ ದುರ್ಬಲ. ನಡುವಿನ ಸ್ವರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ತಂದೆ ಬಿಡಲಿಲ್ಲ. ಅವರು ಮುಂಗೋಪಿ, ಪಾಠದ ಹೊತ್ತಿನಲ್ಲಿ ಬೈಗುಳ, ಅಳು ಸಾಮಾನ್ಯವಾಗಿತ್ತು. ವರ್ಷಗಳ ಸಾಧನೆಯಿಂದ ಮಂದ್ರದ ಆಳದಿಂದ ತಾರದ ತುದಿಯವರೆಗೂ ಸಲೀಸಾಗಿ ಓಡಾಡುವ ಕಂಠ ಸಿದ್ಧವಾಯಿತು. ಫಲ ದೊಡ್ಡದು, ನಿಜ. ಆದರೂ ಆ ಬಗೆಯ ಶಿಕ್ಷಣವನ್ನು ನಾವು ಹೊಗಳಲಾರೆವು. ಅಳುತ್ತಲೇ ಹಾಡುವುದನ್ನು ಕಲಿತ ಮಗು ನೋವನ್ನು ಮುಚ್ಚಿಡುವುದನ್ನೂ ಕಲಿಯಿತು.

1825ರಲ್ಲಿ, 17ನೇ ವಯಸ್ಸಿನಲ್ಲಿ, ಲಂಡನ್ನಿನ ರಂಗವೇರಿದರು. ಅದೇ ವರ್ಷದ ಕೊನೆಗೆ ಇಡೀ ಕುಟುಂಬ ಹಡಗು ಹತ್ತಿ ನ್ಯೂಯಾರ್ಕಿಗೆ ಹೋಗಿ, ಆ ನಗರಕ್ಕೆ ಮೊದಲ ಬಾರಿಗೆ ಇಟಾಲಿಯನ್ ಒಪೆರಾವನ್ನು ಪರಿಚಯಿಸಿತು. ತಂದೆ ನಾಯಕ, ಮಗಳು ನಾಯಕಿ. ತಾಯಿಗೂ ಅಣ್ಣನಿಗೂ ಒಂದೊಂದು ಪಾತ್ರ! ಅಲ್ಲಿಯೇ 1826ರಲ್ಲಿ, ತನಗಿಂತ ಬಹಳ ಹಿರಿಯರಾದ ಮಲಿಬ್ರಾನ್ ಎಂಬ ವ್ಯಾಪಾರಿಯನ್ನು ಮರಿಯಾ ಮದುವೆಯಾದರು. ತಂದೆಯ ಬಿಗಿಯಿಂದ ಪಾರಾಗಲು ಎಂದು ಹೇಳುವವರಿದ್ದಾರೆ. ಸ್ವಲ್ಪದರಲ್ಲೇ ಗಂಡನ ವ್ಯಾಪಾರ ದಿವಾಳಿಯಾಯಿತು. ಮನೆಯವರು ಮೆಕ್ಸಿಕೋಗೆ ಹೊರಟರು. ಮರಿಯಾ ಅಲ್ಲೇ ಉಳಿದು ಹಾಡಿ ದುಡಿದು, 1827ರಲ್ಲಿ ಗಂಡನನ್ನು ಬಿಟ್ಟು ಯುರೋಪಿಗೆ ಮರಳಿದರು.

ಮುಂದಿನದೆಲ್ಲ ಕೀರ್ತಿಯ ಕಾಲ. ಬೆಲ್ಜಿಯಂನ ಪಿಟೀಲು ವಾದಕ ಷಾರ್ಲ್ ದ ಬೆರಿಯೋ ಅವರೊಡನೆ ಬಾಳು ಕೂಡಿತು. 1833ರಲ್ಲಿ ಮಗ ಹುಟ್ಟಿದ. ಮೊದಲ ಮದುವೆ ಅಸಿಂಧುವೆಂದು ನ್ಯಾಯಾಲಯ ತೀರ್ಪಿತ್ತ ಬಳಿಕ, 1836ರ ಮಾರ್ಚ್‌ನಲ್ಲಿ ಇಬ್ಬರೂ ವಿವಾಹವಾದರು. ವೆನಿಸ್‌ನಲ್ಲಿ ಒಂದು ಹಳೆಯ ರಂಗಮಂದಿರದ ಮಾಲೀಕ ಕಷ್ಟದಲ್ಲಿದ್ದುದನ್ನು ಕಂಡು, 1835ರಲ್ಲಿ ಅಲ್ಲಿ ಹಾಡಿ ಸಂಭಾವನೆಯನ್ನು ಬೇಡವೆಂದರು. ಆ ಮಂದಿರಕ್ಕೆ ಇಂದಿಗೂ ಮಲಿಬ್ರಾನ್ ಎಂದೇ ಹೆಸರು.

ಮದುವೆಯಾದ ಕೆಲವೇ ತಿಂಗಳಿಗೆ, ಲಂಡನ್ನಿನಲ್ಲಿ ಸವಾರಿ ಮಾಡುವಾಗ ಕುದುರೆಯಿಂದ ಬಿದ್ದು ತಲೆಗೆ ಪೆಟ್ಟಾಯಿತು. ಗಂಡನಿಗೆ ನಿಜ ಹೇಳಲಿಲ್ಲ. ಒಪ್ಪಿಕೊಂಡ ಕಾರ್ಯಕ್ರಮಗಳನ್ನು ಬಿಡಲೂ ಇಲ್ಲ. ತಲೆನೋವಿನಲ್ಲೇ ವಾರಗಳು ಕಳೆದವು. ಸೆಪ್ಟೆಂಬರ್ 14ರಂದು ಮ್ಯಾಂಚೆಸ್ಟರಿನ ಸಂಗೀತೋತ್ಸವದಲ್ಲಿ ಇನ್ನೊಬ್ಬ ಗಾಯಕಿಯೊಡನೆ ಯುಗಳಗೀತೆ ಹಾಡಿದರು. ಸಭೆ ಇನ್ನೊಮ್ಮೆ ಬೇಕೆಂದು ಕೂಗಿತು. ಶಕ್ತಿ ಇರಲಿಲ್ಲ, ಆದರೂ ಇನ್ನೊಮ್ಮೆ ಹಾಡಿದರು. ಮುಗಿಯುತ್ತಲೇ ಕುಸಿದರು. ಒಂಬತ್ತು ದಿನಗಳ ನಂತರ, 23ರಂದು, ಪ್ರಾಣ ಹೋಯಿತು. ಚಪ್ಪಾಳೆ ತಟ್ಟಿದವರಿಗೆ ಅವರ ಸ್ಥಿತಿ ಹೇಗೆ ತಿಳಿಯಬೇಕು? ತಿಳಿಯದಂತೆ ನಿಲ್ಲುವುದೇ ಅವರ ಬಾಲ್ಯದ ಪಾಠವಾಗಿತ್ತಲ್ಲ.

ಮೊದಲು ಮ್ಯಾಂಚೆಸ್ಟರಿನ ಆಂಗ್ಲಿಕನ್ ದೇವಾಲಯದಲ್ಲಿ ಮಣ್ಣು ಮಾಡಿದ ದೇಹವನ್ನು ಆಮೇಲೆ ಬೆಲ್ಜಿಯಂಗೆ ಒಯ್ದು, ಬ್ರಸೆಲ್ಸ್ ಬಳಿಯ ಲೇಕನ್ ಸ್ಮಶಾನದಲ್ಲಿ ಭೂಸ್ಥಾಪನೆ ಮಾಡಲಾಯಿತು.

ತಂಗಿ ಪೋಲಿನ್ ಆಗ 15ರ ಹುಡುಗಿ. ಮುಂದೆ ಪೋಲಿನ್ ವಿಯಾರ್ಡೊ ಎಂಬ ಹೆಸರಿನಿಂದ ಅಕ್ಕನಷ್ಟೇ ಖ್ಯಾತರಾಗಿ 1910ರವರೆಗೆ ಬಾಳಿದರು. ಅಣ್ಣ ಮಾನ್ಯುಯೆಲ್ ರಂಗ ಬಿಟ್ಟು ಹಾಡುಗಾರಿಕೆಯ ಗುರುವಾದರು. ಹಾಡುವಾಗ ಗಂಟಲಿನೊಳಗೆ ಏನು ನಡೆಯುತ್ತದೆಂದು ತಿಳಿಯಬೇಕೆಂಬ ಹಂಬಲ ಅವರಿಗೆ. 1854ರಲ್ಲಿ ಪುಟ್ಟ ಕನ್ನಡಿಯೊಂದನ್ನು ಬಾಯೊಳಗಿಟ್ಟು, ಇನ್ನೊಂದರಿಂದ ಬಿಸಿಲು ಹಾಯಿಸಿ, ತನ್ನದೇ ಧ್ವನಿಪೆಟ್ಟಿಗೆಯನ್ನು ಕಣ್ಣಾರೆ ಕಂಡರು. ಮರುವರ್ಷ ಆ ವಿಧಾನವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟರು. ಗಂಟಲ ವೈದ್ಯರು ಅದನ್ನು ಕೈಗೆತ್ತಿಕೊಂಡರು. 28ಕ್ಕೇ ಹೋದ ಮರಿಯಾಳ ಈ ಅಣ್ಣ ಬದುಕಿದ್ದು 101 ವರ್ಷ.