ಎಂಟನೆಯ ದಿನದ ಜ್ಞಾನಸ್ನಾನ: ಸಂತ ಜೋಸೆಫ್ ವಾಜ್



ಹೆರಿಗೆಗೆ ಮಗಳು ತವರಿಗೆ ಬರುವುದು ನಮ್ಮ ತೊರಗಲ್ ನಾಡಿನ ರೂಢಿ. ಬೈಲಹೊಂಗಲವಿರಲಿ, ಕಿತ್ತೂರಿರಲಿ, ಸವದತ್ತಿ, ರಾಮದುರ್ಗಗಳಿರಲಿ, ಕೂಸು ಹುಟ್ಟಿದ ಮನೆಯಲ್ಲಿ ಬಂಧುಗಳು ಕೇಳುವ ಮೊದಲ ಮಾತು, ತೊಟ್ಟಿಲಿಗೆ ಎಂದು ಹಾಕುತ್ತೀರಿ ಎಂಬುದೇ. ಕಥೋಲಿಕ ಕುಟುಂಬದಲ್ಲಿ ಅದರ ಜೊತೆಗೇ ಇನ್ನೊಂದು ಪ್ರಶ್ನೆಯೂ ಏಳಬೇಕು: ಈ ಕೂಸಿಗೆ ಜ್ಞಾನಸ್ನಾನ ಎಂದು? ನೆರೆಯ ಗೋವೆಯಲ್ಲಿ ಹುಟ್ಟಿ, ನಮ್ಮ ಕನ್ನಡ ಕರಾವಳಿಯಲ್ಲಿ ದುಡಿದು, ಲಂಕೆಯಲ್ಲಿ ಪ್ರಾಣ ಸವೆಸಿದ ಸಂತ ಜೋಸೆಫ್ ವಾಜ್‌ರವರ ಬಾಳು ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುತ್ತದೆ.

ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ತಾಯಿ ಮರಿಯಾ ಮಿರಾಂದಾರ ತವರೂರಾದ ಬೆನೌಲಿಂನಲ್ಲಿ. ತಂದೆ ಕ್ರಿಸ್ತೊವಾಂವ್ ವಾಜ್‌ರವರದು ಸಾಂಕವಾಳ ಎಂಬ ಗ್ರಾಮ. ಈ ದಂಪತಿಗಳು ಬಾಣಂತನ ಮುಗಿದು ತಂದೆಯ ಊರಿಗೆ ಮರಳುವವರೆಗೆ ಕಾಯಲಿಲ್ಲ. ಎಂಟನೆಯ ದಿನವೇ ಕೂಸನ್ನು ಬೆನೌಲಿಂನ ಸ್ನಾನಿಕ ಸಂತ ಯೊವಾನ್ನರ ದೇವಾಲಯಕ್ಕೆ ಕೊಂಡೊಯ್ದು ಜ್ಞಾನಸ್ನಾನ ಕೊಡಿಸಿದರು. ಮುಂದೆ ಆ ಮಗು ಸಂತನಾಗುತ್ತದೆ ಎಂದು ಅಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ತಾವು ಕೊಡಬಹುದಾದ ಎಲ್ಲಕ್ಕಿಂತ ದೊಡ್ಡ ಕಾಣಿಕೆಯನ್ನು ದೇವರೇ ಕೊಡಲು ಸಿದ್ಧರಿರುವಾಗ ತಡಮಾಡುವುದು ಸಲ್ಲ.

ಆ ಕಾಣಿಕೆ ಯಾವುದು? ಜ್ಞಾನಸ್ನಾನ ಬರೀ ಹೆಸರಿಡುವ ಶಾಸ್ತ್ರವಲ್ಲ. ಅದರಿಂದ ಮಗು ಜನ್ಮಪಾಪದಿಂದ ಬಿಡುಗಡೆ ಹೊಂದುತ್ತದೆ, ದೇವರ ಮಗುವಾಗುತ್ತದೆ, ಕ್ರಿಸ್ತರ ಮರಣ ಮತ್ತು ಪುನರುತ್ಥಾನದಲ್ಲಿ ಪಾಲು ಪಡೆಯುತ್ತದೆ, ಧರ್ಮಸಭೆಯ ಸದಸ್ಯತ್ವ ಗಳಿಸುತ್ತದೆ. ಆತ್ಮದ ಮೇಲೆ ಬೀಳುವ ಆ ಮುದ್ರೆ ಎಂದಿಗೂ ಅಳಿಯದು. ಆದುದರಿಂದಲೇ ಜ್ಞಾನಸ್ನಾನ ಬಾಳಿನಲ್ಲಿ ಒಮ್ಮೆ ಮಾತ್ರ.

ಬಾಲಕ ಜೋಸೆಫ್ ಪ್ರಾರ್ಥನೆ ಕಲಿತದ್ದು ಭಕ್ತರಾಗಿದ್ದ ತಂದೆತಾಯಿಯರ ಮಡಿಲಲ್ಲಿ. ಮುಂದೆ ಗೋವೆಯಲ್ಲಿ ಯೇಸುಸಭೆಯವರ ಮತ್ತು ಡೊಮಿನಿಕನ್ನರ ವಿದ್ಯಾಲಯಗಳಲ್ಲಿ ಓದಿದರು. 1675ರಲ್ಲಿ ಅವರಿಗೆ ಉಪಯಾಜಕ ದೀಕ್ಷೆ ಕೊಟ್ಟವರು ಬಿಜಾಪುರ ಪ್ರಾಂತದ ಪ್ರೇಷಿತ ಪ್ರತಿನಿಧಿಯಾಗಿದ್ದ ಬಿಷಪ್ ಕುಸ್ತೊದಿಯೊ ಪಿನ್ಹೊ. ನಮ್ಮ ತೊರಗಲ್ ಸೀಮೆಯೂ ಬಹುಕಾಲ ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿದ್ದ ನಾಡೇ ಎಂಬುದನ್ನು ನೆನೆದರೆ, ಈ ಸಂತ ನಮಗೆ ಅಷ್ಟೇನೂ ದೂರದವರಲ್ಲ. 1676ರಲ್ಲಿ ಅವರು ಗುರುದೀಕ್ಷೆ ಪಡೆದರು.

1681ರಲ್ಲಿ ಅವರನ್ನು ಕನ್ನಡ ಕರಾವಳಿಗೆ ಕಳುಹಿಸಲಾಯಿತು. ಆಗ ಅಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಕ್ರೈಸ್ತ ಕುಟುಂಬಗಳು ಚದುರಿಹೋಗಿದ್ದವು, ಗುರುಗಳ ಸಂಖ್ಯೆ ತೀರಾ ಕಡಿಮೆಯಿತ್ತು. ಫಾದರ್ ವಾಜ್ ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿ, ಹೊನ್ನಾವರಗಳ ಕಡೆ ಓಡಾಡಿ ದೇವಾಲಯಗಳನ್ನು ಕಟ್ಟಿಸಿದರು, ಹಾಳಾದವನ್ನು ದುರಸ್ತಿ ಮಾಡಿಸಿದರು, ಮಕ್ಕಳಿಗಾಗಿ ಚಿಕ್ಕ ಚಿಕ್ಕ ಶಾಲೆಗಳನ್ನು ತೆರೆದರು. ಜ್ಞಾನಸ್ನಾನ ಕೊಟ್ಟರೆ ಸಾಲದು, ಅದನ್ನು ಬೆಳೆಸುವ ಉಪದೇಶವೂ ಬೇಕು ಎಂಬುದು ಅವರ ಕೆಲಸದಲ್ಲೇ ಕಾಣುತ್ತದೆ. 1684ರಲ್ಲಿ ಗೋವೆಗೆ ಮರಳಿ, ಮರುವರ್ಷ ಅಲ್ಲಿನ ಒರಟೋರಿಯನ್ ಗುರುಗಳ ಕೂಟವನ್ನು ಸೇರಿ ಅದರ ಮುಖ್ಯಸ್ಥರಾದರು.

ಆದರೆ ಅವರ ಮನಸ್ಸು ಲಂಕೆಯ ಕಡೆ ಎಳೆಯುತ್ತಿತ್ತು. 1658ರಲ್ಲಿ ಡಚ್ಚರು ಪೋರ್ಚುಗೀಸರನ್ನು ಅಲ್ಲಿಂದ ಹೊರಗಟ್ಟಿ, ಕಥೋಲಿಕ ಗುರುಗಳಿಗೆ ಪ್ರವೇಶವನ್ನೇ ನಿಷೇಧಿಸಿದ್ದರು. 1687ರಲ್ಲಿ ಫಾದರ್ ವಾಜ್, ಜಾನ್ ಎಂಬ ಸೇವಕನೊಡನೆ ಕೂಲಿಯಾಳಿನ ವೇಷದಲ್ಲಿ ಆ ದ್ವೀಪವನ್ನು ತಲುಪಿದರು. ಜಾಫ್ನಾದಲ್ಲಿ ಭೇದಿಯಿಂದ ಸಾಯುವ ಸ್ಥಿತಿಗೆ ಬಂದು ಬದುಕಿಕೊಂಡರು. ಕಥೋಲಿಕರ ಮನೆ ಯಾವುದೆಂದು ಯಾರನ್ನೂ ಬಾಯಿಬಿಟ್ಟು ಕೇಳುವಂತಿರಲಿಲ್ಲ. ಅದಕ್ಕಾಗಿ ಕೊರಳಲ್ಲಿ ಜಪಸರ ಧರಿಸಿ ಮನೆಯಿಂದ ಮನೆಗೆ ಭಿಕ್ಷೆ ಬೇಡಿದರು. ಯಾರ ಕಣ್ಣು ಆ ಜಪಸರದ ಮೇಲೆ ಭಕ್ತಿಯಿಂದ ನಿಲ್ಲುತ್ತದೆಯೋ ಅವರೇ ತಮ್ಮವರೆಂದು ತಿಳಿದುಕೊಂಡರು. ಆ ಮೇಲೆ ರಾತ್ರಿಯ ಹೊತ್ತು ಮನೆಮನೆಗಳಲ್ಲಿ ಗುಟ್ಟಾಗಿ ಬಲಿಪೂಜೆ, ಪಾಪನಿವೇದನೆ, ಜ್ಞಾನಸ್ನಾನಗಳು ನಡೆದವು.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಸುಮಾರು 30 ವರ್ಷ ಗುರುಗಳ ಸೇವೆ ಇಲ್ಲದ ಆ ನಾಡಿನಲ್ಲಿ ಜಪಸರವನ್ನು ಗುರುತಿಸುವ ಕಣ್ಣುಗಳು ಹೇಗೆ ಉಳಿದವು? ಹಿಂದೆ ಜ್ಞಾನಸ್ನಾನ ಪಡೆದಿದ್ದ ತಂದೆತಾಯಂದಿರು ಒಲೆಯ ಮುಂದೆ, ತೊಟ್ಟಿಲ ಪಕ್ಕದಲ್ಲಿ ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಟ್ಟದ್ದರಿಂದ. ಮನೆಯೇ ಅವರ ದೇವಾಲಯ, ತಾಯಿಯೇ ಮೊದಲ ಉಪದೇಶಿ. ಫಾದರ್ ವಾಜ್ ಇದನ್ನು ಚೆನ್ನಾಗಿ ಅರಿತರು. ಊರೂರಿನಲ್ಲಿ ನಂಬಿಗಸ್ತ ಗೃಹಸ್ಥರನ್ನು ಆರಿಸಿ, ಪ್ರಾರ್ಥನೆ ನಡೆಸುವ, ಮಕ್ಕಳಿಗೆ ಉಪದೇಶ ಹೇಳುವ, ತುರ್ತಿನಲ್ಲಿ ಜ್ಞಾನಸ್ನಾನ ಕೊಡುವ ಹೊಣೆಯನ್ನು ಅವರಿಗೆ ಒಪ್ಪಿಸಿದರು.

1692ರಲ್ಲಿ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಸಂಶಯದಿಂದ ಅವರನ್ನು ಸೆರೆಗೆ ಹಾಕಿದರು. ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. ಕ್ರಮೇಣ ರಾಜನಿಗೆ ಅವರ ಮೇಲೆ ವಿಶ್ವಾಸ ಬೆಳೆಯಿತು. 1697ರಲ್ಲಿ ಸಿಡುಬಿನ ಬೇನೆ ಹಬ್ಬಿ ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ, ಅವರು ಜಾತಿ ಮತ ಎಣಿಸದೆ ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಮಣ್ಣು ಮಾಡಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಕಣ್ಣುಮುಚ್ಚಿದರು. ಜಗದ್ಗುರು ಎರಡನೇ ಜಾನ್ ಪಾಲ್‌ರವರು 1995ರ ಜನವರಿ 21ರಂದು ಅವರನ್ನು ಪುನೀತರೆಂದೂ, ಜಗದ್ಗುರು ಫ್ರಾನ್ಸಿಸ್‌ರವರು 2015ರ ಜನವರಿ 14ರಂದು ಸಂತರೆಂದೂ ಘೋಷಿಸಿದರು. ಎರಡೂ ಸಮಾರಂಭಗಳು ಕೊಲಂಬೊ ನಗರದಲ್ಲೇ ನಡೆದವು.

ಈಗ ನಮ್ಮ ಮನೆಗಳ ಕಡೆ ನೋಡೋಣ. ನಮ್ಮ ಸೀಮೆಯಲ್ಲೂ ಕಥೋಲಿಕ ಕುಟುಂಬಗಳು ಅಲ್ಲೊಂದು ಇಲ್ಲೊಂದು. ಗೋವೆಗೆ ದುಡಿಯಲು ಹೋದವರು ಬರಲಿ, ಸುಗ್ಗಿ ಮುಗಿಯಲಿ, ಹೋಳಿಗೆ ಊಟಕ್ಕೆ ಹಣ ಕೂಡಲಿ ಎಂದು ಜ್ಞಾನಸ್ನಾನವನ್ನು ಮುಂದೂಡುತ್ತ, ಮಗು ಓಡಾಡುವ ಹೊತ್ತಿಗೆ ನೆನಪಾಗುವ ಮನೆಗಳೂ ಉಂಟು. ಮಗು ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಜ್ಞಾನಸ್ನಾನ ಕೊಡಿಸಬೇಕೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಊಟ ಆಮೇಲೂ ಹಾಕಿಸಬಹುದು.

ಮಗು ದೊಡ್ಡದಾಗಿ ತಾನೇ ಆರಿಸಿಕೊಳ್ಳಲಿ ಎನ್ನುವವರೂ ಇದ್ದಾರೆ. ಕೂಸಿಗೆ ಹಾಲೂಡಿಸುವಾಗ, ಕನ್ನಡ ಕಲಿಸುವಾಗ ನಾವು ಅದರ ಒಪ್ಪಿಗೆ ಕೇಳಿದೆವೇ? ಒಳ್ಳೆಯದೆಂದು ನಂಬಿದ್ದನ್ನು ಕೊಟ್ಟೆವು. ಬೆಳೆದ ಮೇಲೆ ಆ ವಿಶ್ವಾಸವನ್ನು ತನ್ನದಾಗಿಸಿಕೊಳ್ಳುವುದು ಮಗುವಿನ ಪಾಲಿಗೆ ಇದ್ದೇ ಇದೆ. ಅಲ್ಲಿಯವರೆಗೆ ಅದು ತಂದೆತಾಯಿಯರ ಮತ್ತು ಧರ್ಮಸಭೆಯ ವಿಶ್ವಾಸದ ನೆರಳಲ್ಲಿ ಬೆಳೆಯುತ್ತದೆ. ಹಾಗಾದರೆ ಆ ನೆರಳು ಮನೆಯಲ್ಲಿ ಇರಲೇಬೇಕು. ಸಿದ್ಧತೆ ಎಂದರೆ ಇದೇ.

ಗರ್ಭಿಣಿಯಾಗಿರುವಾಗಲೇ ದಂಪತಿಗಳು ವಿಚಾರಣಾ ಗುರುಗಳನ್ನು ಕಾಣಲಿ. ತವರಿನ ಊರಿನಲ್ಲಿ ಜ್ಞಾನಸ್ನಾನ ಕೊಡಿಸುವುದಾದರೆ ಎರಡೂ ಕಡೆಯ ಗುರುಗಳೊಡನೆ ಮೊದಲೇ ಮಾತನಾಡಿರಿ. ತಂದೆತಾಯಿ ಇಬ್ಬರೂ ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸುವುದು ಒಳ್ಳೆಯದು. ಜ್ಞಾನತಂದೆ, ಜ್ಞಾನತಾಯಿಯನ್ನು ಉಡುಗೊರೆಯ ಆಸೆಗೆ ಆರಿಸಬೇಡಿರಿ. ಅವರು 16 ವರ್ಷ ತುಂಬಿದ, ದೃಢೀಕರಣ ಮತ್ತು ಪರಮಪ್ರಸಾದ ಪಡೆದ, ವಿಶ್ವಾಸದಂತೆ ಬಾಳುವ ಕಥೋಲಿಕರಾಗಿರಬೇಕು. ಒಬ್ಬರಿದ್ದರೂ ಸಾಕು. ಮಗುವಿನ ಹೆಸರು ಕ್ರೈಸ್ತ ಭಾವನೆಗೆ ಹೊರತಾಗದಿರಲಿ. ದಾಖಲೆ ಪುಸ್ತಕದಲ್ಲಿ ಹೆಸರು, ಜನ್ಮದಿನ ಸರಿಯಾಗಿ ಬರೆಸಿರಿ. ಮುಂದೆ ಮದುವೆಯ ಹೊತ್ತಿಗೂ ಅದೇ ಆಧಾರ.

ಇನ್ನೊಂದು ಮಾತು. ಕೂಸಿನ ಪ್ರಾಣಕ್ಕೆ ಅಪಾಯವಿದ್ದು ಗುರುಗಳು ಬರುವಷ್ಟು ಸಮಯವಿಲ್ಲದಿದ್ದರೆ, ಧರ್ಮಸಭೆಯ ಇಂಗಿತದಂತೆ ಮಾಡುವ ಮನಸ್ಸುಳ್ಳ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಶುದ್ಧ ನೀರನ್ನು ಮಗುವಿನ ತಲೆಯ ಮೇಲೆ ಮೂರು ಬಾರಿ ಸುರಿಯುತ್ತ, ಅದರ ಹೆಸರು ಹಿಡಿದು, ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆಂದು ಹೇಳಬೇಕು. ಆ ಮೇಲೆ ಗುರುಗಳಿಗೆ ತಿಳಿಸಿರಿ. ಜ್ಞಾನಸ್ನಾನ ಸಿಗುವ ಮೊದಲೇ ಮಗುವನ್ನು ಕಳೆದುಕೊಂಡ ತಂದೆತಾಯಂದಿರು ಎದೆಗುಂದಬಾರದು. ಅಂಥ ಕೂಸುಗಳನ್ನು ಧರ್ಮಸಭೆ ಭರವಸೆಯಿಂದ ದೇವರ ಕರುಣೆಗೆ ಒಪ್ಪಿಸುತ್ತದೆ.

ಜ್ಞಾನಸ್ನಾನದ ದಿನ ಪಾಸ್ಖ ದೀಪದಿಂದ ಹೊತ್ತಿಸಿದ ಒಂದು ಮೇಣದಬತ್ತಿಯನ್ನು ನಿಮ್ಮ ಕೈಗೆ ಕೊಡುತ್ತಾರೆ. ಅದನ್ನು ಮನೆಗೆ ತಂದು ಜೋಪಾನ ಮಾಡಿರಿ. ಪ್ರತಿವರ್ಷ ಆ ದಿನ ಅದನ್ನು ಹಚ್ಚಿ, ಮಗುವಿನ ಹಣೆಗೆ ಶಿಲುಬೆಯ ಗುರುತು ಹಾಕಿ, ಎಲ್ಲರೂ ಕೂಡಿ ಪ್ರಾರ್ಥಿಸಿರಿ. ಸಂತ ಜೋಸೆಫ್ ವಾಜ್‌ರವರು ನಮ್ಮ ಮನೆಗಳ ತೊಟ್ಟಿಲುಗಳಿಗಾಗಿ ಪ್ರಭುವಿನಲ್ಲಿ ಬಿನ್ನವಿಸಲಿ.