ಗಂಟಲೊಳಗೆ ಬಿಸಿಲು ಬಿಟ್ಟ ಸಂಗೀತ ಮೇಷ್ಟ್ರು

ಮಕ್ಕಳೇ, ಕಬಡ್ಡಿ ಕಬಡ್ಡಿ ಎನ್ನುತ್ತಾ ಗಂಟಲ ಮೇಲೆ ಬೆರಳಿಟ್ಟು ನೋಡಿ. ಸಣ್ಣಗೆ ಅದುರುತ್ತದಲ್ಲವೇ? ಅಲ್ಲಿ ಧ್ವನಿಪೆಟ್ಟಿಗೆ ಇದೆ. ಅದರೊಳಗಿನ ಎರಡು ಧ್ವನಿತಂತುಗಳು ಮಾತನಾಡುವಾಗ ಹತ್ತಿರ ಬಂದು ಅದುರುತ್ತವೆ. ಉಸಿರೆಳೆದಾಗ ಬಾಗಿಲಿನ ಜೋಡಿ ಕದಗಳಂತೆ ಅಗಲುತ್ತವೆ. ಇದನ್ನು ತನ್ನ ಗಂಟಲಲ್ಲೇ ಕಂಡು ಜಗತ್ತಿಗೆ ತಿಳಿಸಿದವರು ವೈದ್ಯರಲ್ಲ, ಒಬ್ಬ ಸಂಗೀತ ಮೇಷ್ಟ್ರು!

ಅವರೇ ಮ್ಯಾನುಯೆಲ್ ಗಾರ್ಸಿಯಾ. ಸ್ಪೇನ್ ದೇಶದಲ್ಲಿ 1805ರಲ್ಲಿ ಹುಟ್ಟಿದರು. ತಂದೆ ಹೆಸರಾಂತ ಗಾಯಕರು. ಮಗ ರಂಗದ ಮೇಲೆ ಹಾಡುವುದನ್ನು ಬಿಟ್ಟು ಹಾಡು ಕಲಿಸತೊಡಗಿದರು. 1841ರಲ್ಲಿ ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡ್ ದಣಿದ ದನಿ ಹೊತ್ತು ಅವರ ಬಳಿ ಬಂದರು. ಮೇಷ್ಟ್ರು ಮೊದಲು ಹೇಳಿಕೊಟ್ಟದ್ದು ಹಾಡನ್ನಲ್ಲ, ಕೆಲವು ವಾರ ಸುಮ್ಮನಿರುವುದನ್ನು!

ಆದರೆ ದನಿ ಹುಟ್ಟುವ ಜಾಗವನ್ನು ಕಣ್ಣಾರೆ ಕಾಣುವುದು ಹೇಗೆ? 1854ರಲ್ಲಿ ಪ್ಯಾರಿಸ್ಸಿನಲ್ಲಿ ದಾರಿ ಹೊಳೆಯಿತು. ದಂತವೈದ್ಯರು ಬಳಸುವ, ಉದ್ದ ಹಿಡಿಯ ಪುಟ್ಟ ಕನ್ನಡಿ ಕೊಂಡರು. ಅದನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿದರು. ಏಕೆ ಗೊತ್ತೇ? ತಣ್ಣಗಿದ್ದರೆ ಉಸಿರಿನ ಆವಿ ಕಟ್ಟಿ ಏನೂ ಕಾಣದು. ಅದನ್ನು ಕಿರುನಾಲಿಗೆಗೆ ತಾಗಿಸಿ, ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿದರು. ಧ್ವನಿತಂತುಗಳು ಕಂಡೇಬಿಟ್ಟವು! (ನೀವು ಮಾತ್ರ ಗಂಟಲಿಗೆ ಏನನ್ನೂ ತೂರಿಸಬೇಡಿ.)

1855ರಲ್ಲಿ ಅವರ ಲೇಖನವನ್ನು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಓದಲಾಯಿತು. ಮುಂದೆ ಟರ್ಕ್ ಮತ್ತು ಚೆರ್ಮಾಕ್ ಎಂಬ ವೈದ್ಯರು ಕನ್ನಡಿಯನ್ನು ರೋಗಿಗಳ ತಪಾಸಣೆಗೆ ಬಳಸಿದರು. ಬಿಸಿಲಿನ ಬದಲು ದೀಪದ ಬೆಳಕು ಬಂತು. 1869ರಲ್ಲಿ ಮೊರೆಲ್ ಮೆಕೆಂಜಿ ಎಂಬ ವೈದ್ಯರು ಒಂದು ವಿಚಿತ್ರ ಕಂಡರು. ಕೆಲವರಲ್ಲಿ ಉಸಿರೆಳೆದಾಗ ತಂತುಗಳು ತೆರೆಯುವ ಬದಲು ಮುಚ್ಚಿಕೊಳ್ಳುತ್ತಿದ್ದವು! ಗಾರ್ಸಿಯಾ ಆಗ ಲಂಡನ್ನಿನಲ್ಲಿ ಹಾಡು ಕಲಿಸುತ್ತಿದ್ದರು. 1905ರಲ್ಲಿ ಅವರ ನೂರನೇ ಹುಟ್ಟುಹಬ್ಬಕ್ಕೆ ಅಲ್ಲಿ ಗಂಟಲು ವೈದ್ಯರೆಲ್ಲ ಸೇರಿ ಗೌರವಿಸಿದರು. ಮರುವರ್ಷ ತೀರಿಕೊಂಡರು.

ಮೆಕೆಂಜಿ ಕಂಡ ತೊಂದರೆ ಇಂದಿಗೂ ಇದೆ, ಮಕ್ಕಳಿಗೂ ಬರುತ್ತದೆ. ಓಡುವಾಗ ಗಂಟಲು ಬಿಗಿದು, ಉಸಿರೆಳೆದಾಗ ಸುಯ್ ಎನ್ನುತ್ತದೆ. ನೋಡಿದವರು ಉಬ್ಬಸ ಎಂದುಕೊಳ್ಳುತ್ತಾರೆ. ಕೆಲವರು ನಾಟಕ ಎನ್ನುವುದೂ ಉಂಟು. ನಾಟಕವಂತೂ ಖಂಡಿತ ಅಲ್ಲ. ಉಬ್ಬಸದಲ್ಲಿ ಕಿರಿದಾಗುವುದು ಶ್ವಾಸಕೋಶದೊಳಗಿನ ಗಾಳಿಕೊಳವೆಗಳು, ಇಲ್ಲಿ ಗಂಟಲಿನ ಕದಗಳು. ಹಾಗಾಗಿ ಉಬ್ಬಸದ ಔಷಧಿ ಇದಕ್ಕೆ ನಾಟದು. ಎರಡೂ ಒಬ್ಬರಿಗೇ ಇರಬಹುದು. ಆದ್ದರಿಂದ ವೈದ್ಯರನ್ನು ಕೇಳದೆ ಔಷಧಿ ಬಿಡಬಾರದು.

ಶಾಮನೂರಿನ ಮಗುವಿಗೆ ಹೀಗಾದರೆ ದಾವಣಗೆರೆಯಲ್ಲೇ ಕಿವಿ, ಮೂಗು, ಗಂಟಲಿನ ವೈದ್ಯರಿದ್ದಾರೆ. ಈಗ ಕನ್ನಡಿಯ ಜಾಗಕ್ಕೆ ದೀಪವಿರುವ, ಬಳುಕುವ ತೆಳು ಕೊಳವೆ ಬಂದಿದೆ. ಅದನ್ನು ಮೂಗಿನಿಂದ ಇಳಿಸಿ, ಉಸಿರಾಡುವಾಗಲೇ ತಂತುಗಳನ್ನು ನೋಡುತ್ತಾರೆ. ಮುಖ್ಯ ಚಿಕಿತ್ಸೆ ಉಸಿರಾಟದ ಅಭ್ಯಾಸ: ಭುಜ ಸಡಿಲಬಿಟ್ಟು ಮೂಗಿನಿಂದ ಮೆಲ್ಲಗೆ ಎಳೆದು, ದೀಪ ಊದುವಂತೆ ತುಟಿ ಕಿರಿದು ಮಾಡಿ ಬಿಡುವುದು. ಇದನ್ನು ಕಲಿಸುವವರು ವಾಕ್ ಚಿಕಿತ್ಸಕರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥವರು ತರಬೇತಿ ಪಡೆಯುತ್ತಾರೆ.