ಓಡುವ ಕುದುರೆಯ ನಾಲ್ಕೂ ಕಾಲು ಗಾಳಿಯಲ್ಲಿ: ಮೈಬ್ರಿಜ್ ಬಾಜಿಯ ಕಥೆ ನಿಜವೇ?

ಗೇಮ್‌ಗಳಲ್ಲಿ ಓಡುವ ಪುಟ್ಟ ಬೊಂಬೆಗಳನ್ನು ನಾವೆಲ್ಲ ನೋಡಿದ್ದೇವೆ. ಅವುಗಳ ಓಟಕ್ಕೆ ನೂರಾರು ಚಿತ್ರ ಬೇಕಿಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಮಾರಿಯೋ ಓಡುವುದು ಬರೀ 3 ಚಿತ್ರಗಳಲ್ಲಿ. ಅವೇ ಮತ್ತೆ ಮತ್ತೆ ಬರುತ್ತವೆ. ಆದರೆ ಚಿತ್ರ ಕಡಿಮೆಯಾದಷ್ಟೂ ಪ್ರತಿಯೊಂದೂ ಸರಿಯಾದ ಕ್ಷಣದ್ದಾಗಿರಬೇಕು. ಓಟದ ಆ ಕ್ಷಣಗಳನ್ನು ಕ್ಯಾಮೆರಾದಲ್ಲಿ ಹಿಡಿದು ತೋರಿಸಿದವನು ಎಡ್ವರ್ಡ್ ಮೈಬ್ರಿಜ್. ಆತ 25,000 ಡಾಲರ್ ಬಾಜಿಗಾಗಿ ಕುದುರೆಯ ಫೋಟೋ ತೆಗೆದ ಎಂಬ ಕಥೆ ಬಹಳ ಜನಪ್ರಿಯ. ಅದು ಎಷ್ಟು ನಿಜ?

ಯಾರು ಈ ಮೈಬ್ರಿಜ್?

1830ರಲ್ಲಿ ಇಂಗ್ಲೆಂಡ್‌ನ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಮೈಬ್ರಿಜ್, ಅಮೆರಿಕಕ್ಕೆ ಹೋಗಿ ಫೋಟೋಗ್ರಾಫರ್ ಆಗಿ ಹೆಸರು ಮಾಡಿದ. ಬದುಕು ನೇರವಾಗಿರಲಿಲ್ಲ. 1860ರಲ್ಲಿ ಕುದುರೆಗಾಡಿ ಅಪಘಾತದಲ್ಲಿ ತಲೆಗೆ ಪೆಟ್ಟು ಬಿತ್ತು. 1874ರಲ್ಲಿ ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ. ಮರುವರ್ಷ ಜ್ಯೂರಿ ಆತನನ್ನು ಖುಲಾಸೆ ಮಾಡಿತು.

ಕುದುರೆಯ ಪ್ರಶ್ನೆ

ಕುದುರೆ ಸಾಕುವ ಹವ್ಯಾಸವಿದ್ದ ರೈಲ್ವೆ ಉದ್ಯಮಿ ಲೀಲ್ಯಾಂಡ್ ಸ್ಟ್ಯಾನ್‌ಫೋರ್ಡ್‌ಗೆ ಒಂದು ಕುತೂಹಲವಿತ್ತು: ಓಡುವಾಗ ಕುದುರೆಯ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವೆಯೇ? ಬರಿಗಣ್ಣಿಗೆ ಇದು ಕಾಣದು. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಮೈಬ್ರಿಜ್ ಸಾಲಾಗಿ 12 ಕ್ಯಾಮೆರಾ ಇಟ್ಟು, ಓಟದ ದಾರಿಗೆ ಅಡ್ಡಲಾಗಿ ದಾರ ಕಟ್ಟಿದ. ಸ್ಯಾಲಿ ಗಾರ್ಡ್ನರ್ ಎಂಬ ಕುದುರೆ ನಾಗಾಲೋಟದಲ್ಲಿ ಬಂದು ಒಂದೊಂದೇ ದಾರಕ್ಕೆ ತಾಗಿದಂತೆ ಒಂದೊಂದೇ ಫೋಟೋ ಬಿತ್ತು.

ಉತ್ತರ: ಹೌದು, ನಾಲ್ಕೂ ಕಾಲು ನೆಲ ಬಿಡುತ್ತವೆ. ಆದರೆ ಕಲಾವಿದರು ಬರೆಯುತ್ತಿದ್ದ ಹಾಗಲ್ಲ. ಅವರ ಚಿತ್ರಗಳಲ್ಲಿ ಕುದುರೆ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಹಾರುತ್ತಿತ್ತು. ಫೋಟೋದಲ್ಲಿ ಕಂಡದ್ದು ಬೇರೆ: ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಮಡಚಿಕೊಂಡಾಗಲೇ ಅದು ಗಾಳಿಯಲ್ಲಿರುತ್ತದೆ.

ಮುಂದಿನ ವರ್ಷವೇ ಮೈಬ್ರಿಜ್ ಈ ಭಂಗಿಗಳನ್ನು ಗಾಜಿನ ತಟ್ಟೆಯ ಅಂಚಿಗೆ ಬರೆಸಿ, ತಿರುಗಿಸಿ, ಪರದೆಯ ಮೇಲೆ ಕುದುರೆಯನ್ನು ಓಡಿಸಿದ. ಈ ಯಂತ್ರ ಚಿತ್ರಗಳನ್ನು ಕುಗ್ಗಿಸಿ ತೋರಿಸುತ್ತಿದ್ದರಿಂದ ಕುದುರೆಯನ್ನು ಉದ್ದಕ್ಕೆ ಎಳೆದಂತೆ ಬರೆಯಬೇಕಿತ್ತು. ಕೆಲವೇ ಚಿತ್ರ, ಸುತ್ತು ಮುಗಿದರೆ ಮತ್ತೆ ಮೊದಲಿನಿಂದ. ಇಂದಿನ ಗೇಮ್ ಬೊಂಬೆ ಓಡುವುದೂ ಹೀಗೆಯೇ.

ಹೆಸರು ಕಳೆದುಕೊಂಡವನು

1882ರಲ್ಲಿ ಸ್ಟ್ಯಾನ್‌ಫೋರ್ಡ್ ಈ ಪ್ರಯೋಗದ ಪುಸ್ತಕ ತಂದ. ಮುಖಪುಟದಲ್ಲಿ ಮೈಬ್ರಿಜ್ ಹೆಸರೇ ಇರಲಿಲ್ಲ. ಕೆಲಸ ಆತನದೇ ಎಂಬುದರ ಮೇಲೆ ಅನುಮಾನ ಬಂದು, ಲಂಡನ್ನಿನ ರಾಯಲ್ ಸೊಸೈಟಿ ಆತನ ಪ್ರಬಂಧವನ್ನು ಕೈಬಿಟ್ಟಿತು. ಕೋರ್ಟಿಗೆ ಹೋದರೂ ಗೆಲ್ಲಲಿಲ್ಲ. ಆತ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕೆಲಸ ಶುರು ಮಾಡಿ, 1887ರಲ್ಲಿ ಮನುಷ್ಯರು ಮತ್ತು ಪ್ರಾಣಿಗಳ ಚಲನೆಯ 781 ಫೋಟೋಫಲಕಗಳನ್ನು ಪ್ರಕಟಿಸಿದ. ಅನಿಮೇಷನ್ ಕಲಿಯುವವರು ಇಂದಿಗೂ ಅವನ್ನು ಎದುರಿಗಿಟ್ಟುಕೊಳ್ಳುತ್ತಾರೆ. 1904ರಲ್ಲಿ ಹುಟ್ಟೂರಲ್ಲೇ ತೀರಿಕೊಂಡ.

ನೀವೂ ಓಡುವ ಮನುಷ್ಯನನ್ನು ಬರೆಯುವುದಾದರೆ ಇಷ್ಟು ನೆನಪಿಡಿ: ನಡಿಗೆಯಲ್ಲಿ ಒಂದು ಪಾದವಾದರೂ ನೆಲದ ಮೇಲಿರುತ್ತದೆ, ಓಟದಲ್ಲಿ ಎರಡೂ ನೆಲ ಬಿಡುವ ಕ್ಷಣವಿದೆ. ಕುದುರೆಯಂತಲ್ಲದೆ, ಮನುಷ್ಯನ ಕಾಲುಗಳು ಆಗ ಅಗಲವಾಗಿ ಚಾಚಿರುತ್ತವೆ. ಆ ಒಂದು ಚಿತ್ರ ಬಿಟ್ಟರೆ ಬೊಂಬೆ ಓಡುವುದಿಲ್ಲ, ಬಿರುಸಾಗಿ ನಡೆಯುತ್ತದೆ.

ಹಾಗಾದರೆ ಬಾಜಿ?

ಫೋಟೋಗಳು ನಿಜ, ಫಲಿತಾಂಶವೂ ನಿಜ. ಆದರೆ 25,000 ಡಾಲರ್ ಬಾಜಿಗೆ ಆ ಕಾಲದ ಯಾವ ಗಟ್ಟಿ ದಾಖಲೆಯೂ ಇಲ್ಲ. ಫಾರ್ವರ್ಡ್ ಮಾಡುವುದಾದರೆ ಬಾಜಿ ಕಥೆಯನ್ನು ಬಿಡಿ, ಮೈಬ್ರಿಜ್ ಹೆಸರನ್ನು ಬಿಡಬೇಡಿ.